ಶೋಕದ ಸಿಂಫನಿ

ಕೀರ್ತಿಯೇ ಯೋಗ್ಯತೆಯ ಅಳತೆಗೋಲೆಂದು ಭಾವಿಸುವುದು ಲೋಕದ ವಾಡಿಕೆ. ಕಾಲವು ಜೊಳ್ಳನ್ನು ತೂರಿ ಕಾಳನ್ನು ಉಳಿಸುತ್ತದೆಂದು ಹಲವರು ನಂಬುತ್ತಾರೆ. ಆದರೆ ಗಾಳಿ ಬಿರುಸಾದಾಗ ಜೊಳ್ಳಿನೊಡನೆ ಕಾಳೂ ಹಾರಿಹೋಗುವುದುಂಟು. ಜೋಸೆಫ್ ಮಾರ್ಟಿನ್ ಕ್ರೌಸ್ ರಚಿಸಿದ ಶೋಕ ಸಿಂಫನಿಯು ಇದಕ್ಕೊಂದು ನಿದರ್ಶನ.

ಕ್ರೌಸನು 1756ರಲ್ಲಿ, ಎಂದರೆ ಮೊಟ್ಸಾರ್ಟ್ ಹುಟ್ಟಿದ ವರ್ಷದಲ್ಲಿಯೇ, ಜರ್ಮನಿಯ ಮಿಲ್ಟೆನ್‌ಬರ್ಗ್ ಎಂಬಲ್ಲಿ ಜನಿಸಿದನು. ಸ್ವೀಡನ್ನಿನ ದೊರೆ ಮೂರನೆಯ ಗುಸ್ತಾವನು ಕಲಾಪ್ರೇಮಿಯೆಂದು ಹೆಸರಾಗಿದ್ದನು. ಅವನ ಆಶ್ರಯವನ್ನರಸಿ ಕ್ರೌಸನು 1778ರಲ್ಲಿ ಸ್ಟಾಕ್‌ಹೋಮ್ ನಗರವನ್ನು ಸೇರಿದನು. ಮೂರು ವರ್ಷ ಬಡತನದಲ್ಲಿ ಕಾದ ಬಳಿಕ, 1781ರಲ್ಲಿ ಅವನ ಗೀತನಾಟಕವೊಂದು ದೊರೆಯ ಮೆಚ್ಚುಗೆ ಪಡೆಯಿತು; ಆಸ್ಥಾನದಲ್ಲಿ ಸ್ಥಾನವೂ ದೊರೆಯಿತು. ದೊರೆಯು ತನ್ನ ವೆಚ್ಚದಲ್ಲಿಯೇ ಅವನನ್ನು ಯೂರೋಪಿನ ಸಂಗೀತಕೇಂದ್ರಗಳಿಗೆ ಕಳುಹಿಸಿದನು. ಈ ಪ್ರವಾಸದಲ್ಲಿ ಅವನನ್ನು ಕಂಡ ಮಹಾಸಂಗೀತಗಾರ ಹೈಡನ್ ಅವನ ಪ್ರತಿಭೆಗೆ ತಲೆದೂಗಿದನು.

1792ರ ಮಾರ್ಚ್ 16ರ ರಾತ್ರಿ, ಸ್ಟಾಕ್‌ಹೋಮಿನ ಗೀತನಾಟಕ ಮಂದಿರದಲ್ಲಿ ಮುಖವಾಡಗಳ ನರ್ತನಕೂಟ ನಡೆಯುತ್ತಿದ್ದಾಗ ಗುಸ್ತಾವನಿಗೆ ಗುಂಡೇಟು ಬಿದ್ದಿತು. ಅದೇ ತಿಂಗಳ 29ರಂದು ಅವನು ತೀರಿಕೊಂಡನು. ಆಶ್ರಯದಾತನ ಅಂತ್ಯವಿಧಿಗಾಗಿ ಕ್ರೌಸನು ಈ ಸಿಂಫನಿಯನ್ನು ರಚಿಸಿದನು. ಸಿಂಫನಿಯೆಂದರೆ ಇಡೀ ವಾದ್ಯವೃಂದಕ್ಕಾಗಿ ಹಲವು ಭಾಗಗಳಲ್ಲಿ ಹೆಣೆದ ದೀರ್ಘಕೃತಿ. ಅದರಲ್ಲಿ ವೇಗದ ಭಾಗಗಳಿರುವುದು ರೂಢಿ. ಇಲ್ಲಿಯಾದರೋ ನಾಲ್ಕು ಭಾಗಗಳೂ ವಿಳಂಬಗತಿಯವು. ದನಿಯಡಗಿಸಿದ ನಗಾರಿಯ ಬಡಿತದಿಂದ ಕೃತಿಯು ಆರಂಭವಾಗುತ್ತದೆ. ಮೂರನೆಯ ಭಾಗದಲ್ಲಿ ಸ್ವೀಡನ್ನಿನ ಜನರು ಶವಸಂಸ್ಕಾರದ ವೇಳೆ ಹಾಡುತ್ತಿದ್ದ ಸ್ತೋತ್ರದ ಧಾಟಿಯಿದೆ.

ಆಸ್ಥಾನದ ಕಲೆಯೆಲ್ಲವೂ ಮುಖಸ್ತುತಿಯೆಂದು ಕೆಲವರು ಹಳಿಯುವುದುಂಟು. ಆ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಈ ಕೃತಿಗೆ ಅದು ಸಲ್ಲದು. ಇಲ್ಲಿ ರಾಜವೈಭವದ ಆಡಂಬರವಿಲ್ಲ. ಸಾಮಾನ್ಯನ ಮನೆಯ ಸಾವಿಗೂ ಒಪ್ಪುವ ಸ್ತೋತ್ರವೇ ಅರಸನ ಸಾವಿಗೂ ಒದಗಿದೆ. ಸಂಯಮದಿಂದಲೇ ದುಃಖವು ಗಾಂಭೀರ್ಯವನ್ನು ಪಡೆದಿದೆ.

ಹಾಗಿದ್ದೂ ಇದು ಮರೆಯಲ್ಲಿ ಉಳಿದುದೇಕೆ? ಒಂದು ಸಂದರ್ಭಕ್ಕೆಂದು ಹುಟ್ಟಿದ ಕೃತಿಯು ಆ ಸಂದರ್ಭದೊಡನೆಯೇ ಮರೆಯಾಗುವುದು ಸುಲಭ. ಅದನ್ನು ಮತ್ತೆ ಬೆಳಕಿಗೆ ತರಲು ದೊರೆಯೂ ಇರಲಿಲ್ಲ, ಕರ್ತೃವೂ ಉಳಿಯಲಿಲ್ಲ. ಅದೇ ವರ್ಷದ ಡಿಸೆಂಬರ್ 15ರಂದು ಕ್ರೌಸನು ಕ್ಷಯರೋಗಕ್ಕೆ ತುತ್ತಾದನು. ಆಗ ಅವನಿಗೆ 36 ವರ್ಷ. ಗುಸ್ತಾವನ ಕೊಲೆಯನ್ನಾಧರಿಸಿ ಹೊರಟ ವೆರ್ದಿಯ ಗೀತನಾಟಕವು 1859ರಲ್ಲಿ ರಂಗವೇರಿ ಲೋಕಪ್ರಸಿದ್ಧವಾಯಿತು. ಅದೇ ಸಾವನ್ನು ಹತ್ತಿರದಿಂದ ಕಂಡವನ ಸಂಗೀತವು ಮಾತ್ರ ಬಹುಕಾಲ ಕೆಲವರ ಕಿವಿಗಷ್ಟೇ ಬಿದ್ದಿತು. ಇಪ್ಪತ್ತನೆಯ ಶತಮಾನದಲ್ಲಿ ಧ್ವನಿಮುದ್ರಣಗಳ ಮೂಲಕ ಅದು ಮತ್ತೆ ಕೇಳುಗರನ್ನು ತಲುಪಿತು.

ಹೆಸರಾದವರನ್ನು ಗೌರವಿಸುವುದು ತಪ್ಪಲ್ಲ. ಆದರೆ ಹೆಸರನ್ನು ಕೇಳಿದ ಮೇಲೆ ಮೆಚ್ಚುವುದಕ್ಕಿಂತ, ಕೃತಿಯನ್ನು ಕೇಳಿ ತೂಗಿನೋಡುವುದು ಮೇಲು. ರಸಿಕತೆಯೆಂದರೆ ಅದೇ.