ವುಝೂವಿನ ನಲ್ಲಿ ಮತ್ತು ಭೂತನಾಳದ ನೀರು

ವಿಜಯಪುರಕ್ಕೆ ಬರ ಹೊಸತಲ್ಲ. ಆದರೆ ಆದಿಲ್‌ಶಾಹಿ ಅರಸರು ಅದನ್ನು ವಿಧಿಯೆಂದು ಒಪ್ಪಿ ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಪರ್ಶಿಯಾದ ಕರೇಜ್ ಎಂಬ ಸುರಂಗ ಕಾಲುವೆಯ ವಿದ್ಯೆಯಿಂದ ತೊರವಿಯ ನೀರನ್ನು ನಗರಕ್ಕೆ ತಂದರು. 1651ರಲ್ಲಿ ಮುಹಮ್ಮದ್ ಆದಿಲ್‌ಶಾಹನು ಬೇಗಂ ತಲಾಬ್ ಕಟ್ಟಿಸಿದನು. ಅದರ ನೀರು ಮಣ್ಣಿನ ಕೊಳವೆಗಳಲ್ಲಿ ಹರಿಯಿತು. ನೀರಿನ ಒತ್ತಡ ತಗ್ಗಿಸಲು ಗಂಜ್ ಎಂಬ ಗೋಪುರಗಳು ಎದ್ದವು. ಉಪಯುಕ್ತ ವಿದ್ಯೆ ಯಾರದೆಂದು ಅವರು ಜಗಳಕ್ಕಿಳಿಯಲಿಲ್ಲ.

ಮುಂದೆ ಭೂತನಾಳ ಕೆರೆ ನಗರದ ದಾಹ ತಣಿಸಿತು. ಇಂದು ಕೃಷ್ಣೆಯ ನೀರನ್ನೂ ದೂರದಿಂದ ಎತ್ತಿ ತರಬೇಕಾಗಿದೆ. ಹೀಗಿರುವಾಗ, ಮಸೀದಿಯಲ್ಲಿ ವುಝೂ ಮಾಡುವವನು ತಲೆ ಸವರುವ ಹೊತ್ತಿನಲ್ಲೂ ನಲ್ಲಿ ಹರಿಯುತ್ತಲೇ ಇರುವುದು ಸರಿಯೇ? ಪ್ರವಾದಿ(ಸ)ಯವರು ಒಂದು ಮುದ್ದ್, ಅಂದರೆ ಬೊಗಸೆಯಷ್ಟು ನೀರಿನಲ್ಲಿ ವುಝೂ ಪೂರೈಸುತ್ತಿದ್ದರು. ನಾವು ಸುನ್ನತ್ತಿನ ಹೆಸರಿನಲ್ಲಿ ವಾದಿಸುವ ವಿಷಯಗಳು ಅನೇಕ. ಈ ಸುನ್ನತ್ ಮಾತ್ರ ಚರಂಡಿಗೆ ಹರಿಯುತ್ತಿದೆ.

ಪರಿಹಾರ ಕಷ್ಟವಲ್ಲ. ಒತ್ತಿದಾಗ ಸುರಿದು ತಾನಾಗಿಯೇ ನಿಲ್ಲುವ ನಲ್ಲಿಗಳು ಮಾರುಕಟ್ಟೆಯಲ್ಲಿವೆ. ವುಝೂವಿನ ನೀರನ್ನು ಶೌಚಾಲಯದ ಚರಂಡಿಗೆ ಸೇರಿಸದೆ ಗಿಡಗಳಿಗೋ ಇಂಗುಗುಂಡಿಗೋ ತಿರುಗಿಸಬಹುದು. ಒಮ್ಮೆ ಬಳಸಿದ ನೀರು ಮತ್ತೆ ವುಝೂವಿಗೆ ಸಲ್ಲದು, ನಿಜ. ಆದರೆ ಮರಕ್ಕೆ ಹಾಕಲು ಧರ್ಮದ ಯಾವ ಅಡ್ಡಿಯೂ ಇಲ್ಲ.

ಸೋರುವ ಕೊಳವೆಗಳ ಬಗ್ಗೆ, ಬಡವರ ಓಣಿಗಳ ಕಡೆಗಣನೆಯ ಬಗ್ಗೆ ಮಹಾನಗರ ಪಾಲಿಕೆಯನ್ನು ಪ್ರಶ್ನಿಸಲೇಬೇಕು. ತಮ್ಮ ನಲ್ಲಿಯನ್ನು ನಿಲ್ಲಿಸಿದವರ ಪ್ರಶ್ನೆಗೆ ತೂಕ ಹೆಚ್ಚು. ಮಿನಾರಕ್ಕೆ ಚಂದಾ ಎತ್ತುವ ಜಮಾಅತ್‌ಗಳು ಈ ವರ್ಷ ನಲ್ಲಿಗೂ ಎತ್ತಲಿ. ಖತೀಬರು ಒಂದು ಶುಕ್ರವಾರದ ಖುತ್ಬಾವನ್ನು ನೀರಿಗಾಗಿ ಮೀಸಲಿಡಲಿ.