ರಂಗಗಾಯಕನು ಅರೆಗಾಯಕನೇ?

‘ಆತನದು ನಾಟಕದ ಹಾಡಿಕೆ’ ಎಂಬ ಮಾತು ಸಂಗೀತರಸಿಕರ ಕೂಟಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಇಷ್ಟನ್ನು ನುಡಿದೊಡನೆಯೇ ಗಾಯಕನ ವಿದ್ಯೆಗೆ ಅರ್ಧ ಬೆಲೆ ಕಟ್ಟಿದಂತಾಗುತ್ತದೆ. ಈ ತೀರ್ಪು ವಿಚಾರದಿಂದ ಹುಟ್ಟಿದುದಲ್ಲ. ಕೇವಲ ಅಭ್ಯಾಸದಿಂದ ಉಳಿದು ಬಂದುದು.

ಹೊನ್ನಪ್ಪ ಭಾಗವತರನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ನೆಲಮಂಗಲದ ಸೀಮೆಯಲ್ಲಿ 1915ರಲ್ಲಿ ಜನಿಸಿದ ಇವರು, ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ ಹುಟ್ಟಿ ವೀರಣ್ಣನವರ ಕೈಯಲ್ಲಿ ಹೆಸರಾದ ನಾಟಕ ಕಂಪನಿಯಲ್ಲಿ ಹಾಡಿ ನಟಿಸಿದರು. 1941ರ ‘ಸುಭದ್ರಾ’, 1946ರ ‘ಹೇಮರೆಡ್ಡಿ ಮಲ್ಲಮ್ಮ’ ಚಿತ್ರಗಳಲ್ಲಿ ಕಾಣಿಸಿಕೊಂಡರು. ತಮಿಳು ಚಿತ್ರಗಳಲ್ಲಿಯೂ ನಾಯಕರಾದರು. 1955ರಲ್ಲಿ ‘ಮಹಾಕವಿ ಕಾಳಿದಾಸ’ವನ್ನು ತಾವೇ ನಿರ್ಮಿಸಿ ಕಾಳಿದಾಸನ ಪಾತ್ರವನ್ನು ಧರಿಸಿದರು. 1992ರಲ್ಲಿ ಕಾಲವಾದರು. ಇಂದು ಆ ಚಿತ್ರವನ್ನು ಬಿ. ಸರೋಜಾದೇವಿಯವರ ಮೊದಲ ಚಿತ್ರವೆಂದು ನೆನೆಯುವವರು ಹಲವರು; ಹಾಡಿದ ಕಂಠವನ್ನು ನೆನೆಯುವವರು ಕೆಲವರು.

ಸಭಾಗಾಯಕನು ತಂಬೂರಿಯ ಶ್ರುತಿಯಲ್ಲಿ ನೆಮ್ಮದಿಯಾಗಿ ಕುಳಿತು ಹಾಡುತ್ತಾನೆ. ರಂಗಗಾಯಕನಾದರೋ ಕಿರೀಟದ ಭಾರವನ್ನು ಹೊತ್ತು, ನಡೆಯುತ್ತ, ಪಾತ್ರದ ಶೋಕ ಕೋಪಗಳನ್ನು ಮುಖದಲ್ಲಿ ತೋರುತ್ತ, ಶ್ರುತಿತಪ್ಪದೆ ಹಾಡಬೇಕು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಬರಗೂರಿನಂಥ ಊರಿನ ಬಯಲಿನಲ್ಲಿ ಕಟ್ಟಕಡೆಯ ಚಾಪೆಯ ಮೇಲೆ ಕುಳಿತವನಿಗೂ ಸಾಹಿತ್ಯದ ಒಂದೊಂದು ಅಕ್ಷರವು ಸ್ಫುಟವಾಗಿ ಕೇಳಬೇಕಿತ್ತು. ಅರ್ಧಗಂಟೆಯ ಆಲಾಪನೆಗೆ ಅಲ್ಲಿ ಎಡೆಯಿಲ್ಲ. ಎರಡು ಸಂಚಾರಗಳಲ್ಲಿಯೇ ರಾಗದ ಸ್ವರೂಪವು ಮೂಡಬೇಕು. ಈ ಸಂಕ್ಷೇಪವು ವಿದ್ಯೆಯ ಬಡತನವಲ್ಲ, ಹಿಡಿತ.

ಶಾಸ್ತ್ರವನ್ನು ಮುಂದಿಡುವವರು ಶಾಸ್ತ್ರವನ್ನು ತೆರೆದು ನೋಡಲಿ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಧ್ರುವಾಗಾನಕ್ಕೆ ಒಂದು ಅಧ್ಯಾಯವನ್ನೇ ಮೀಸಲಿರಿಸಿ, ಪ್ರಾವೇಶಿಕೀ, ನೈಷ್ಕ್ರಾಮಿಕೀ, ಆಕ್ಷೇಪಿಕೀ, ಪ್ರಾಸಾದಿಕೀ, ಆಂತರಾ ಎಂದು ಐದು ಬಗೆಗಳನ್ನು ಹೇಳಿದ್ದಾನೆ. ಪಾತ್ರದ ಪ್ರವೇಶಕ್ಕೊಂದು, ನಿರ್ಗಮನಕ್ಕೊಂದು, ರಸದ ತಿರುವಿಗೊಂದು ಗಾನವನ್ನು ವಿಧಿಸಿದವನಿಗೆ ರಂಗದ ಹಾಡು ಕೀಳೆಂದು ತೋರಲಿಲ್ಲ.

‘ಒನ್ಸ್ ಮೋರ್’ ಕೂಗಿಗೆ ಮಣಿದು, ಸತ್ತು ಬಿದ್ದ ಪಾತ್ರವೂ ಎದ್ದು ಹಾಡಿದ್ದುಂಟಲ್ಲವೇ ಎಂದು ಕೆಲವರು ಆಕ್ಷೇಪಿಸುವರು. ಉಂಟು, ಅದು ರಸಭಂಗವೇ ಸರಿ. ಆದರೆ ಕೂಗಿದವರ ಅಪರಾಧಕ್ಕೆ ವಿದ್ಯೆಯನ್ನು ದಂಡಿಸುವುದು ಯಾವ ನ್ಯಾಯ?

ಜಿಲ್ಲೆಯ ಸಂಗೀತಸಭೆಗಳು ವರ್ಷಕ್ಕೊಂದು ಸಂಜೆಯನ್ನಾದರೂ ರಂಗಗೀತೆಗಳಿಗೆ, ಪಕ್ಕದ ಸಣ್ಣ ವೇದಿಕೆಯಲ್ಲಲ್ಲ, ಮುಖ್ಯ ವೇದಿಕೆಯಲ್ಲಿಯೇ ಮೀಸಲಿಡಲಿ. ಹಳೆಯ ಮಟ್ಟುಗಳನ್ನು ಬಲ್ಲ ಹಿರಿಯರಿಂದ ಮಕ್ಕಳು ಕಲಿಯಲಿ. ಗುಬ್ಬಿಯನ್ನು ಒಡಲಲ್ಲಿಟ್ಟುಕೊಂಡ ಜಿಲ್ಲೆಯೇ ಈ ಗಾನವನ್ನು ಮರೆತರೆ ಮತ್ತಾರು ನೆನೆದಾರು?