ಇಂಗ್ಲಿಷ್ ಎಂ.ಎ.: ಲಾಭವೆಷ್ಟು, ಲುಕ್ಸಾನೆಷ್ಟು?

ತಿಪಟೂರಿನ ಕೊಬ್ಬರಿ ವರ್ತಕರೊಬ್ಬರ ಮನೆಯಲ್ಲಿ ಭಾನುವಾರ ಬೆಳಗಿನ ತಿಂಡಿಗೆ ಕೂತಾಗ ಎದ್ದ ಮಾತು ಮಧ್ಯಾಹ್ನದ ಊಟದ ಹೊತ್ತಿಗೂ ಮುಗಿದಿರಲಿಲ್ಲ. ಬಿ.ಎ. ಮುಗಿಸಿದ ಮಗಳು ಮೈಸೂರಿನ ಮಾನಸಗಂಗೋತ್ರಿಯಲ್ಲಿ ಇಂಗ್ಲಿಷ್ ಎಂ.ಎ. ಓದುತ್ತೇನೆಂದು ಹಟ ಹಿಡಿದಿದ್ದಳು. ಬೆಂಗಳೂರಿನಿಂದ ಬಂದಿದ್ದ ಎಂಜಿನಿಯರ್ ಸೋದರಮಾವ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು: “ಇಂಗ್ಲಿಷು ಈಗ ಎಲ್ಲರಿಗೂ ಬರುತ್ತೆ ಭಾವ. ಅದಕ್ಕೊಂದು ಎಂ.ಎ. ಯಾಕೆ? ಎಂ.ಬಿ.ಎ. ಮಾಡಿಸಿ.”

ವರ್ತಕರು ಉತ್ತರ ಕೊಡಲಿಲ್ಲ. ಗೋಡೆಯ ಕ್ಯಾಲೆಂಡರಿನಿಂದ ಕಳೆದ ತಿಂಗಳ ಹಾಳೆ ಹರಿದು, ಅದರ ಹಿಂಬದಿಯಲ್ಲಿ ಲೆಕ್ಕ ಬರೆಯತೊಡಗಿದರು. ಇಂಥ ಹಾಳೆಗಳು ಪ್ರತಿವರ್ಷ ಎಷ್ಟೋ ಮನೆಗಳಲ್ಲಿ ತುಂಬುತ್ತವೆ.

ಮೊದಲು ಖರ್ಚಿನ ಬಾಬ್ತು. ಸರ್ಕಾರಿ ವಿಶ್ವವಿದ್ಯಾಲಯದ ಸೀಟು ಸಿಕ್ಕರೆ ಇಂಗ್ಲಿಷ್ ಎಂ.ಎ. ಶುಲ್ಕ ಸಾವಿರಗಳಲ್ಲೇ ಮುಗಿಯುತ್ತದೆ. ಖಾಸಗಿ ಕಾಲೇಜಿನ ಎಂ.ಬಿ.ಎ.ಗೆ ಲಕ್ಷಗಳು ಬೇಕು, ಬಹುಪಾಲು ಮನೆಗಳಲ್ಲಿ ಬ್ಯಾಂಕಿನ ಸಾಲವೂ ಬೇಕು. ಹಾಸ್ಟೆಲು, ಪುಸ್ತಕ, ಬಸ್ ಚಾರ್ಜು ಎರಡಕ್ಕೂ ಒಂದೇ. ಎರಡು ವರ್ಷ ದುಡಿಮೆಯಿಲ್ಲದೆ ಹೋಗುವುದೂ ಒಂದೇ. ಇಷ್ಟರಮಟ್ಟಿಗೆ ಮಗಳ ಕಡೆಯೇ ಸರಿ.

ಇನ್ನು ಆದಾಯ. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಯಾವುದನ್ನೇ ಓದಲಿ, ಇಂಗ್ಲಿಷನ್ನು ಒಂದು ಭಾಷೆಯಾಗಿ ಓದುವುದು ನಮ್ಮಲ್ಲಿ ರೂಢಿ. ಹಾಗಾಗಿ ಇಂಗ್ಲಿಷ್ ಮೇಷ್ಟ್ರಿಲ್ಲದ ಪದವಿ ಕಾಲೇಜಿಲ್ಲ. ಏಳನೇ ಯುಜಿಸಿ ವೇತನ ಶ್ರೇಣಿಯಲ್ಲಿ ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲವೇತನ 57,700 ರೂಪಾಯಿ. ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಬೇರೆ. ನೆಟ್ ಪರೀಕ್ಷೆಯಲ್ಲಿ ಜೆ.ಆರ್.ಎಫ್. ಗಿಟ್ಟಿಸಿದವರಿಗೆ ಸಂಶೋಧನೆ ಮಾಡುವಾಗಲೇ ತಿಂಗಳಿಗೆ 37,000 ರೂಪಾಯಿ ಎಂದು 2023ರಲ್ಲಿ ನಿಗದಿಯಾಯಿತು. ಸಾಲವಿಲ್ಲದೆ ಓದಿದವರಿಗೆ ಇದು ಕಡಿಮೆಯ ಮೊತ್ತವಲ್ಲ.

ಆದರೆ ತೊಡಕಿರುವುದು ಸಂಬಳದಲ್ಲಲ್ಲ, ಅದು ಕೈಸೇರುವ ತನಕ ಕಾಯುವುದರಲ್ಲಿ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿಗೆ 2021ರಲ್ಲಿ ಕರೆದದ್ದು, ಎಲ್ಲ ವಿಷಯಗಳೂ ಸೇರಿ, 1,242 ಹುದ್ದೆ. ಪರೀಕ್ಷೆ ನಡೆದದ್ದು 2022ರ ಮಾರ್ಚಿನಲ್ಲಿ. ಇಂಥ ಕರೆ ವರ್ಷವರ್ಷವೂ ಬರುವುದಿಲ್ಲ. ನಡುವಿನ ಕಾಲವನ್ನು ನೂಕುವುದು ಅತಿಥಿ ಉಪನ್ಯಾಸಕರಾಗಿ. 2022ರ ಜನವರಿಯಲ್ಲಿ ಸರ್ಕಾರ ಅವರ ಗೌರವಧನ ಹೆಚ್ಚಿಸಿದಾಗಲೂ, ಯುಜಿಸಿ ಅರ್ಹತೆಯ ಜೊತೆಗೆ ಐದು ವರ್ಷಕ್ಕಿಂತ ಹೆಚ್ಚು ಅನುಭವ ಇದ್ದವರಿಗೆ ಸಿಕ್ಕಿದ್ದು ತಿಂಗಳಿಗೆ 32,000. ಹೆಸರು ‘ಅತಿಥಿ’, ಊಟದ ಎಲೆ ಮಾತ್ರ ವರ್ಷವಿಡೀ ಹಾಕುವುದಿಲ್ಲ.

ಆ 32,000ವನ್ನು 57,700ರ ಪಕ್ಕ ಇಟ್ಟರೆ ತಿಂಗಳಿಗೆ 25,700 ರೂಪಾಯಿ ಅಂತರ. ವರ್ಷಕ್ಕೆ ಮೂರು ಲಕ್ಷದ ಮೇಲೆ ಎಂಟು ಸಾವಿರ. ಹೀಗೆ ಐದು ವರ್ಷ ಕಾದವರು ಕಳೆದುಕೊಳ್ಳುವುದು 15 ಲಕ್ಷಕ್ಕೂ ಹೆಚ್ಚು. ಅಗ್ಗದ ಸೀಟು ಎಂದು ಸಂತೋಷಪಟ್ಟವರು ಎಂ.ಬಿ.ಎ.ಯ ದುಡ್ಡನ್ನು ಕಾಯುವ ಕಂತಿನಲ್ಲಿ ಕಟ್ಟಿರುತ್ತಾರೆ. ಇಂಗ್ಲಿಷ್ ಎಂ.ಎ.ಯ ನಿಜವಾದ ಶುಲ್ಕ ಇದು. ಯಾವ ಪ್ರಾಸ್ಪೆಕ್ಟಸಿನಲ್ಲೂ ಇದನ್ನು ಅಚ್ಚು ಹಾಕಿರುವುದಿಲ್ಲ.

ಮೇಷ್ಟ್ರಾಗುವುದೊಂದೇ ದಾರಿಯೇ? ಹಾಗೇನಿಲ್ಲ. 2000ದ ಆಸುಪಾಸಿನಲ್ಲಿ ಬೆಂಗಳೂರಿಗೆ ಕಾಲ್ ಸೆಂಟರುಗಳು ಬಂದಾಗ ಇಂಗ್ಲಿಷ್ ಬಲ್ಲ ಪದವೀಧರರಿಗೆ ಸುಗ್ಗಿ. ಆಮೇಲೆ ಜಾಹೀರಾತು, ಕಂಪನಿಗಳ ಕೈಪಿಡಿ, ಅಂತರ್ಜಾಲದ ಬರಹ. 2022ರ ಕೊನೆಗೆ ಚಾಟ್‌ಜಿಪಿಟಿ ಬಂದಮೇಲೆ ತಪ್ಪಿಲ್ಲದ ಸಾದಾ ಇಂಗ್ಲಿಷ್ ಬರೆಯುವ ಕೆಲಸಕ್ಕೆ ಯಂತ್ರವೇ ಪೈಪೋಟಿಗೆ ನಿಂತಿದೆ. ಸೋದರಮಾವನ ಮಾತಿನಲ್ಲಿ ನಿಜವಿರುವುದು ಇಲ್ಲಿ: ಬರೀ ಇಂಗ್ಲಿಷಿಗೆ ಬೆಲೆ ಇಳಿದಿದೆ. ಅದರ ಜೊತೆಗೆ ಇನ್ನೊಂದು ಬೇಕು.

ಆ ಇನ್ನೊಂದು ಏನೆಂದು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಬಿ.ಎಂ.ಶ್ರೀ. ಇಂಗ್ಲಿಷ್ ಪ್ರಾಧ್ಯಾಪಕರು; 1926ರಲ್ಲಿ ಅವರು ಕೊಟ್ಟ ‘ಇಂಗ್ಲಿಷ್ ಗೀತಗಳು’ ಕನ್ನಡ ಕಾವ್ಯದ ದಾರಿಯನ್ನೇ ತಿರುಗಿಸಿತು. ಅಡಿಗರು ಇಂಗ್ಲಿಷ್ ಅಧ್ಯಾಪಕರು. ಅನಂತಮೂರ್ತಿ ಬರ್ಮಿಂಗ್‌ಹ್ಯಾಮಿನಲ್ಲಿ ಇಂಗ್ಲಿಷ್ ಪಿಎಚ್.ಡಿ. ಮಾಡುತ್ತಾ ‘ಸಂಸ್ಕಾರ’ ಬರೆದರು. ಲಂಕೇಶರು ಇಂಗ್ಲಿಷ್ ಪಾಠದ ಕೆಲಸ ಬಿಟ್ಟು 1980ರಲ್ಲಿ ವಾರಪತ್ರಿಕೆ ಶುರುಮಾಡಿದರು. ಸಂಬಳ ಇಂಗ್ಲಿಷಿನದು, ಬಡ್ಡಿ ಕನ್ನಡಕ್ಕೆ. ಈ ವ್ಯಾಪಾರ ಈಗ ಎದುರು ದಿಕ್ಕಿನಲ್ಲೂ ನಡೆದಿದೆ. ಬಾನು ಮುಷ್ತಾಕ್ ಅವರ ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ಗೆ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಬಂದಾಗ, 50,000 ಪೌಂಡಿನ ಬಹುಮಾನ ಲೇಖಕಿಗೂ ಅನುವಾದಕಿಗೂ ಸರಿಪಾಲು. ಎಲ್ಲರಿಗೂ ಬುಕರ್ ಬರುವುದಿಲ್ಲ, ನಿಜ. ಆದರೆ ಎರಡು ಭಾಷೆಯ ಒಳಮನೆಯವರೆಗೂ ಹೋಗಬಲ್ಲವರು ಈಗಲೂ ವಿರಳ.

ಮಗಳು ಇದನ್ನೆಲ್ಲ ಹೇಳಲಿಲ್ಲ. “ಸಾಲ ಮಾಡಬೇಡ ಅಪ್ಪ, ಎರಡು ವರ್ಷ ಕೊಡು ಸಾಕು” ಎಂದಳು ಅಷ್ಟೇ.

ಸಂಜೆ ವರ್ತಕರು ಹಾಳೆಯ ಕೊನೆಗೆ ಮೂರು ಸಾಲು ಬರೆದರು. ಎಂ.ಎ.ಗೆ ಎರಡು ವರ್ಷ. ನೆಟ್, ಕೆ-ಸೆಟ್‌ಗೆ ಇನ್ನೆರಡು. ಅಷ್ಟರಲ್ಲಿ ಆಗದಿದ್ದರೆ ಬಿ.ಎಡ್. ಮಾಡಿ ಹೈಸ್ಕೂಲು, ಇಲ್ಲವೇ ಬೇರೆ ಕೆಲಸ. “ಅತಿಥಿಯಾಗಿ ಹತ್ತು ವರ್ಷ ಕೂರೋದು ಬೇಡಮ್ಮ” ಎಂದರು. ಕೆಳಗೆ ಮಗಳಿಂದ ರುಜು ಹಾಕಿಸಿಕೊಂಡರು.

ಭಾವಮೈದುನನಿಗೆ ಇದು ಯಾವ ಸೀಮೆಯ ಲೆಕ್ಕವೋ ತಿಳಿಯಲಿಲ್ಲ. ವರ್ತಕರು ನಕ್ಕರು. ಮರದಿಂದ ಇಳಿಸಿದ ಕಾಯಿಯನ್ನು ಅಂದೇ ಮಾರಿದರೆ ಕಾಯಿಯ ಬೆಲೆ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಉಂಡೆ ಕೊಬ್ಬರಿಯ ಬೆಲೆ. ಹಾಗೆಂದು ಅಟ್ಟದ ಮೇಲೇ ಮರೆತರೆ ಕೌರು ವಾಸನೆ ಹಿಡಿದು ಗಾಣಕ್ಕೂ ಬೇಡವಾಗುತ್ತದೆ.

“ಅಟ್ಟಕ್ಕೆ ಹಾಕೋ ದಿನಾನೇ ಇಳಿಸೋ ದಿನಾನೂ ಬರೆದಿಟ್ಕೋಬೇಕಪ್ಪ” ಎಂದು ಅವರು ಹಾಳೆಯನ್ನು ಮಡಿಸಿ ಲೆಕ್ಕದ ಪುಸ್ತಕದೊಳಗೆ ಇಟ್ಟರು.